ಐದು ಭಾಷೆ ಬರುತ್ತದೆ, ಕೆಲಸ ಬಿಟ್ಟು ಬರವಣಿಗೆಯನ್ನೇ ನಂಬಬಹುದೇ?

ಪ್ರಶ್ನೆ: ನಾನು ಕೊಡಗಿನ ನಾಪೋಕ್ಲು ಹತ್ತಿರದ ಹಳ್ಳಿಯವಳು, ವಯಸ್ಸು 27. ಮನೆಮಾತು ಅರೆಭಾಷೆ (ಇಲ್ಲಿಯ ಗೌಡರ ಮಾತು). ನೆರೆಯವರಿಂದ ಕೊಡವ ತಕ್ಕ್ ಬಂತು, ಅಂಗಡಿ–ಸಂತೆಯಿಂದ ಮಲಯಾಳಂ ಬಂತು (ಓದಲು ಬರುವುದಿಲ್ಲ). ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಗ್ಲಿಷ್ ಎಂ.ಎ. ಮಾಡಿದೆ. ಮಡಿಕೇರಿಯ ಖಾಸಗಿ ಸಂಸ್ಥೆಯೊಂದರಲ್ಲಿ ತಿಂಗಳಿಗೆ 19 ಸಾವಿರ ಸಂಬಳ. ಎರಡು ವರ್ಷದಿಂದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಒಂಬತ್ತು ಲೇಖನ ಪ್ರಕಟವಾಗಿವೆ, ಮೂರಕ್ಕೆ ಮಾತ್ರ ಹಣ ಬಂತು. ಆಟಿ ತಿಂಗಳ (ಜುಲೈ–ಆಗಸ್ಟ್) ಅಡುಗೆಯ ಬಗ್ಗೆ ಬರೆದ ಲೇಖನವನ್ನು ಯಾರೋ ಮಲಯಾಳಂಗೆ ಅನುವಾದಿಸಿ ನನ್ನ ಹೆಸರಿಲ್ಲದೆ ಹಾಕಿಕೊಂಡಿದ್ದಾರೆ. ಒಂದು ರೆಸಾರ್ಟ್‌ನವರು ‘ಎರಡು ರಾತ್ರಿ ಉಚಿತವಾಗಿ ಉಳಿಯಿರಿ, ನಮ್ಮ ಬಗ್ಗೆ ಬರೆಯಿರಿ’ ಅನ್ನುತ್ತಿದ್ದಾರೆ. ಸ್ವತಂತ್ರ ಪತ್ರಕರ್ತೆ, ಪ್ರವಾಸ ಬರಹಗಾರ್ತಿ ಆಗಬೇಕೆಂಬ ಆಸೆ. ಅಪ್ಪನಿಗೆ ನಾನು ಮೂರು ಎಕರೆ ಕಾಫಿ ತೋಟ ನೋಡಿಕೊಂಡು ಬ್ಯಾಂಕ್ ಪರೀಕ್ಷೆ ಬರೆಯಬೇಕು ಅಂತ. ಇಂಗ್ಲಿಷಿನಲ್ಲಿ ಬರೆದರೆ ಮಾತ್ರ ಬದುಕಲು ಸಾಧ್ಯವೇ? ಬೆಂಗಳೂರಿಗೆ ಹೋಗಲೇಬೇಕೇ? ಪ್ರೆಸ್ ಕಾರ್ಡ್ ಹೇಗೆ ಸಿಗುತ್ತದೆ? ಯಾವ ಕ್ಯಾಮೆರಾ ಕೊಳ್ಳಲಿ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ನಾಲ್ಕು, ಅವುಗಳ ಹಿಂದಿನ ಆತಂಕ ಒಂದೇ. ಇಷ್ಟು ಭಾಷೆ ಬಂದರೂ ತಿಂಗಳ ಕೊನೆಗೆ ಕೈಗೆ ಕಾಸು ಬರುತ್ತದೆಯೋ, ಇಲ್ಲ ‘ನಮ್ಮ ಹುಡುಗಿಗೆ ಐದು ಭಾಷೆ ಗೊತ್ತು’ ಎಂದು ಮದುವೆಮನೆಯಲ್ಲಿ ಹೇಳಿಕೊಳ್ಳುವುದಕ್ಕಷ್ಟೇ ಸರಿಯೋ? ಕಾಸು ಬರುತ್ತದೆ, ನಿಧಾನವಾಗಿ. ಬರುವ ದಾರಿ ಮಾತ್ರ ನೀವು ಅಂದುಕೊಂಡದ್ದಕ್ಕಿಂತ ಬೇರೆ.

ಐದು ಭಾಷೆಯಲ್ಲಿ ಬರೆದು ಬದುಕುವವರನ್ನು ಈ ಕೆಲಸದಲ್ಲಿ ಕಳೆದ 22 ವರ್ಷದಲ್ಲಿ ನಾನು ನೋಡಿಲ್ಲ. ಎರಡರಲ್ಲಿ ಅಚ್ಚುಕಟ್ಟಾಗಿ ಬರೆಯುವವರೇ ಕಡಿಮೆ. ಬರೆಯುವ ಭಾಷೆಗೆ ದಿನವೂ ಸಾಣೆ ಹಿಡಿಯಬೇಕು, ಆ ಭಾಷೆಯ ಒಳ್ಳೆಯ ಗದ್ಯವನ್ನು ದಿನವೂ ಓದಬೇಕು. ಅಷ್ಟು ಹೊತ್ತು ಐದು ಭಾಷೆಗೆ ಯಾರ ಬಳಿಯೂ ಇರುವುದಿಲ್ಲ. ಕೇಳುವ ಭಾಷೆಯ ಮಾತು ಬೇರೆ. ಅವು ಎಷ್ಟಿದ್ದರೂ ಸಾಲದು, ನಿಮ್ಮ ಬಂಡವಾಳ ಇರುವುದೂ ಅಲ್ಲೇ.

2018ರ ಆಗಸ್ಟ್‌ನಲ್ಲಿ ಬೆಟ್ಟಗಳು ಜರಿದಾಗ ಜೋಡುಪಾಲ, ಮದೆನಾಡು, ಮಕ್ಕಂದೂರು ಕಡೆಯವರೆಲ್ಲ ಪರಿಹಾರ ಕೇಂದ್ರಗಳಲ್ಲಿದ್ದರು. ಹೊರಗಿನಿಂದ ಬಂದ ವರದಿಗಾರರು ಒಬ್ಬ ಅಜ್ಜಿಯ ಮುಂದೆ ಮೈಕ್ ಹಿಡಿದು ಕನ್ನಡದಲ್ಲಿ ಕೇಳಿದರು. ‘ಎಲ್ಲ ಹೋಯ್ತು’ ಅಂದರು ಅಜ್ಜಿ, ಅಷ್ಟೇ. ಅವರು ಹೊರಟ ಮೇಲೆ ನಾನು ಪಕ್ಕದಲ್ಲಿ ಕೂತು, ಊಟ ಆಯಿತೇ ಎಂದು ಅರೆಭಾಷೆಯಲ್ಲಿ ವಿಚಾರಿಸಿದೆ. ಮುಕ್ಕಾಲು ಗಂಟೆ ಮಾತಾಡಿದರು. ಹಿಂದಿನ ದಿನವೇ ಮನೆ ಹಿಂದಿನ ಒರತೆಯ ನೀರು ಕೆಂಪಗಾಗಿದ್ದು, ಕೊಟ್ಟಿಗೆಯ ದನ ರಾತ್ರಿಯಿಡೀ ಹಗ್ಗ ಜಗ್ಗಿದ್ದು, ಮೇಲಿನ ಗುಡ್ಡದ ಬರೆ ಕಡಿದು ರಸ್ತೆ ಮಾಡಿದ್ದು ಯಾವ ವರ್ಷ ಎಂಬುದು. ಸುದ್ದಿ ಇದ್ದದ್ದು ಅದರಲ್ಲಿ. ಅದನ್ನು ನಾನು ಬರೆದದ್ದು ಇಂಗ್ಲಿಷಿನಲ್ಲಿ, ಕೇಳಿಸಿಕೊಂಡದ್ದು ಮಾತ್ರ ಅಜ್ಜಿಯ ಭಾಷೆಯಲ್ಲಿ. ಎಂಟು ದಿನ ಜಿಲ್ಲೆಯಲ್ಲೆಲ್ಲ ಓಡಾಡಿದ ದೊಡ್ಡ ತಂಡಗಳಿಗೆ ಸಿಗದ ವಿಷಯ ಅದು.

ನಮ್ಮ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 5.54 ಲಕ್ಷ. ಇಷ್ಟು ಚಿಕ್ಕ ಜಾಗದಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ತಮಿಳು, ಯರವ–ಕುರುಬರ ಮಾತುಗಳು ಇವೆ. ಲೈನ್‌ಮನೆಗಳಲ್ಲಿ ಈಗ ಅಸ್ಸಾಂ–ಬಂಗಾಳದಿಂದ ಬಂದ ತೋಟ ಕಾರ್ಮಿಕರ ಭಾಷೆಗಳು. ಕುಶಾಲನಗರ ದಾಟಿದರೆ ಬೈಲುಕುಪ್ಪೆಯಲ್ಲಿ ಟಿಬೆಟನ್. ಅದೇ ಜನಗಣತಿಯಲ್ಲಿ ಕೊಡವ ತಕ್ಕನ್ನು ಮಾತೃಭಾಷೆ ಎಂದು ಬರೆಸಿದವರು ದೇಶದಲ್ಲೆಲ್ಲ ಸೇರಿ ಸುಮಾರು 1.13 ಲಕ್ಷ, ಯುನೆಸ್ಕೊ ಅದನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿದೆ. ಒಂದೇ ತೋಟದ ಜಗಳವನ್ನು ಮಾಲೀಕರ ಭಾಷೆಯಲ್ಲೂ ತೋಟದ ಲೆಕ್ಕ ಬರೆಯುವ ರೈಟರ್ ಭಾಷೆಯಲ್ಲೂ ಹಾಡಿಯ ಆದಿವಾಸಿಗಳ ಭಾಷೆಯಲ್ಲೂ ಕೇಳಬಲ್ಲ ಪತ್ರಕರ್ತರು ಎಷ್ಟು ಮಂದಿ ಇದ್ದಾರೆ, ನೀವೇ ಲೆಕ್ಕ ಹಾಕಿ. ನಿಮಗೆ ನನ್ನ ಸಲಹೆ ಇದು: ಬರೆಯಲು ಕನ್ನಡ ಮತ್ತು ಇಂಗ್ಲಿಷ್, ಕೇಳಲು ಐದೂ. ಸಾಧ್ಯವಾದರೆ ಯರವರ ಮಾತನ್ನೂ ಕಲಿಯಿರಿ. ಹಾಡಿಯವರ ಪರವಾಗಿ ಬೇರೆಯವರು ಮಾತಾಡಿದ್ದೇ ಇದುವರೆಗೆ ಹೆಚ್ಚು ಅಚ್ಚಾಗಿದೆ.

ಇಂಗ್ಲಿಷಿನ ಪ್ರಶ್ನೆಗೆ ಬರುತ್ತೇನೆ. ಒಂದು ಲೇಖನಕ್ಕೆ ಸಿಗುವ ಮೊತ್ತ ಇಂಗ್ಲಿಷಿನಲ್ಲಿ ಹೆಚ್ಚು, ಇದು ನಿಜ. ನನ್ನ ಲೆಕ್ಕದ ಪುಸ್ತಕದಲ್ಲಿ ಒಂದೇ ವರ್ಷ ಕನ್ನಡದ ಪುರವಣಿ ಲೇಖನಕ್ಕೆ 800 ರೂಪಾಯಿ, ಇಂಗ್ಲಿಷ್ ನಿಯತಕಾಲಿಕಕ್ಕೆ ಬರೆದದ್ದಕ್ಕೆ 9 ಸಾವಿರ ಎಂದು ಇದೆ. ಆದರೆ ಅದೇ ಪುಸ್ತಕದಲ್ಲಿ ಆ ಇಂಗ್ಲಿಷ್ ಲೇಖನಕ್ಕೆ ಹಿಡಿದದ್ದು ಐದು ವಾರ, ಹಣ ಬಂದದ್ದು ನಾಲ್ಕು ತಿಂಗಳ ಮೇಲೆ ಎಂದೂ ಇದೆ. ಇಂಗ್ಲಿಷಿನಲ್ಲಿ ನೀವು ದೆಹಲಿ, ಮುಂಬೈಯವರ ಜೊತೆ ಸ್ಪರ್ಧಿಸಬೇಕು. ಕನ್ನಡದಲ್ಲಿ ನಿಮ್ಮೂರಿನ ಜನ ಓದುತ್ತಾರೆ, ಓದಿ ಮುಂದಿನ ಸುದ್ದಿಯನ್ನು ತಂದು ಕೊಡುತ್ತಾರೆ. ನನ್ನ ಇಂಗ್ಲಿಷ್ ಲೇಖನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕನ್ನಡದಲ್ಲಿ ಬರೆದದ್ದನ್ನು ಓದಿದ ಯಾರೋ ಫೋನ್ ಮಾಡಿದ್ದರಿಂದ ಹುಟ್ಟಿದವು. ಕನ್ನಡವನ್ನು ಕೈಬಿಟ್ಟರೆ ಬೇರನ್ನೇ ಕಡಿದುಕೊಂಡಂತೆ.

ಆರು ಲೇಖನಕ್ಕೆ ಹಣ ಬರಲಿಲ್ಲ ಎಂದಿರಲ್ಲ, ಅದರ ಒಂದು ಕಾರಣ ನಮ್ಮ ಭಾಷೆಯೊಳಗೇ ಇದೆ. ಇಂಥ ಕೆಲಸ ಮಾಡುವವರನ್ನು ಕನ್ನಡದಲ್ಲಿ ‘ಹವ್ಯಾಸಿ ಪತ್ರಕರ್ತರು’ ಎಂದು ಕರೆದು ರೂಢಿ. ಹವ್ಯಾಸಕ್ಕೆ ಬರೆಯುವವರಿಗೆ ಯಾರು ಕೂಲಿ ಕೊಡುತ್ತಾರೆ? ಕೊಟ್ಟರೂ ಅದು ‘ಗೌರವ ಸಂಭಾವನೆ’. ಇಷ್ಟವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಮ್ಮ ಪರಿಚಯದ ಸಾಲಿನಲ್ಲಿ ‘ಸ್ವತಂತ್ರ ಪತ್ರಕರ್ತೆ’ ಎಂದೇ ಬರೆಯಿರಿ. ಲೇಖನ ಒಪ್ಪಿದ ದಿನವೇ ‘ಸಂಭಾವನೆ ಎಷ್ಟು, ಯಾವಾಗ?’ ಎಂದು ಮೇಲ್ ಹಾಕಿ. ಪ್ರಕಟವಾದ ದಿನ ಬಿಲ್ ಕಳಿಸಿ, ಅದರಲ್ಲಿ ಪ್ಯಾನ್ ಮತ್ತು ಬ್ಯಾಂಕ್ ವಿವರ ಇರಲಿ. 30 ದಿನಕ್ಕೊಂದು ಜ್ಞಾಪನೆ. ಕೇಳಿದರೆ ಮುಂದೆ ಅವಕಾಶ ಕೊಡುವುದಿಲ್ಲ ಎಂಬ ಭಯ ನನಗೂ ಬಹಳ ವರ್ಷ ಇತ್ತು. ಕೇಳಿದ್ದಕ್ಕೆ ದೂರವಾದವರು ಇಬ್ಬರು, ಇಬ್ಬರೂ ಅದಕ್ಕೆ ಮುಂಚೆ ಹಣ ಕೊಟ್ಟವರಲ್ಲ. ತೆರಿಗೆಯ ವಿಷಯ ಚುಟುಕಾಗಿ: ಒಂದೇ ಸಂಸ್ಥೆಯಿಂದ ವರ್ಷಕ್ಕೆ 50 ಸಾವಿರ ದಾಟಿದರೆ ಸಾಮಾನ್ಯವಾಗಿ ಶೇ. 10 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿಯುತ್ತಾರೆ. ನಿಮ್ಮ ಆದಾಯ ತೆರಿಗೆಯ ಮಿತಿಗಿಂತ ಕಡಿಮೆ ಇದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. ಎಷ್ಟೋ ಜನ ಆ ಹಣವನ್ನು ಕೇಳುವುದೇ ಇಲ್ಲ.

ನಿಮ್ಮ ಆಟಿ ಲೇಖನದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹಲವು ಭಾಷೆಯ ನಡುವೆ ಕೆಲಸ ಮಾಡುವವರಿಗೆ ಮುಖ್ಯ ಆಸ್ತಿ ಇದೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ನೌಕರಿಯಲ್ಲಿಲ್ಲದೆ ಸ್ವಂತವಾಗಿ ಬರೆದ ಲೇಖನದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆದವರದೇ. ಅನುವಾದದ ಹಕ್ಕೂ ಅದರಲ್ಲಿ ಸೇರಿದೆ. ಒಂದು ಪತ್ರಿಕೆಗೆ ಒಮ್ಮೆ ಅಚ್ಚು ಹಾಕಲು ಕೊಟ್ಟರೆ ಹಕ್ಕನ್ನೇ ಬಿಟ್ಟುಕೊಟ್ಟಂತಾಗುವುದಿಲ್ಲ. ಹಕ್ಕು ವರ್ಗಾವಣೆ ಆಗಬೇಕಾದರೆ ನಿಮ್ಮ ಸಹಿ ಇರುವ ಬರಹ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನು ಎಣಿಸುತ್ತದೆ. ಲೇಖಕರಾಗಿ ನಿಮ್ಮ ಹೆಸರು ಇರಬೇಕೆಂದು ಕೇಳುವ ಹಕ್ಕಂತೂ ಹಕ್ಕುಗಳನ್ನು ಮಾರಿದ ಮೇಲೂ ಉಳಿಯುತ್ತದೆ.

ಆದರೆ ಒಂದು ಗೆರೆ ಗೊತ್ತಿರಲಿ. ಕಕ್ಕಡ (ಆಟಿಯ ಕೊಡವ ಹೆಸರು) ಹದಿನೆಂಟರಂದು ಮದ್ದು ಸೊಪ್ಪು ಬೇಯಿಸಿ ಆ ನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ ಎಂಬ ವಿಷಯ ಯಾರ ಸ್ವತ್ತೂ ಅಲ್ಲ, ಇಡೀ ಕೊಡಗಿನದು. ನಿಮ್ಮ ಅಜ್ಜಿಯ ಅಡುಗೆಮನೆಯನ್ನು ನೀವು ಹೇಳಿದ ರೀತಿ, ನಿಮ್ಮ ವಾಕ್ಯಗಳು, ಅವನ್ನು ಜೋಡಿಸಿದ ಕ್ರಮ ನಿಮ್ಮವು. ಮಲಯಾಳಂ ಓದಬಲ್ಲ ಒಬ್ಬರನ್ನು ಕೂರಿಸಿಕೊಂಡು ಪ್ಯಾರಾ ಪ್ಯಾರಾ ಹೋಲಿಸಿ ನೋಡಿ. ನಿಮ್ಮದೇ ಆಗಿದ್ದರೆ ಎರಡರ ಚಿತ್ರವನ್ನೂ ತೆಗೆದಿಟ್ಟು, ದಿನಾಂಕದೊಂದಿಗೆ ಮೇಲ್ ಬರೆಯಿರಿ: ಹೆಸರು ಹಾಕಿ, ಅನುವಾದದ ಸಂಭಾವನೆ ಕೊಡಿ, ಇಲ್ಲವೇ ತೆಗೆಯಿರಿ. ಬಹಳ ಸಲ ಇಷ್ಟಕ್ಕೇ ಮುಗಿಯುತ್ತದೆ. ವಕೀಲರ ನೋಟಿಸ್ ಕಳಿಸಬಹುದು, ಆದರೆ ಒಂದು ಲೇಖನಕ್ಕೆ ಬರುವ ಹಣಕ್ಕಿಂತ ಅದರ ಖರ್ಚೇ ಹೆಚ್ಚಾದೀತು. ಮುಂದೆ ಯಾರೇ ‘ಎಲ್ಲ ಹಕ್ಕುಗಳೂ, ಎಲ್ಲ ಭಾಷೆಗಳಲ್ಲೂ, ಶಾಶ್ವತವಾಗಿ’ ಎಂಬ ಒಪ್ಪಂದ ಕೊಟ್ಟರೆ ‘ಕನ್ನಡದಲ್ಲಿ ಮೊದಲ ಪ್ರಕಟಣೆಯ ಹಕ್ಕು’ ಎಂದು ತಿದ್ದಿ ಕಳಿಸಿ. ಇನ್ನೊಂದು ಭಾಷೆಯ ಹಕ್ಕು ನಿಮ್ಮ ಕೈಯಲ್ಲಿದ್ದರೆ ಒಂದೇ ಪ್ರಯಾಣ ಎರಡು ಮೂರು ಸಲ ಫಲ ಕೊಡುತ್ತದೆ.

ಅದು ಹೇಗೆ ಎನ್ನುವುದಕ್ಕೆ ಬೈತೂರು ನೋಡಿ. ಕಣ್ಣೂರು ಜಿಲ್ಲೆಯ ಉಳಿಕ್ಕಲ್ ಬಳಿಯ ಈ ದೇವಸ್ಥಾನದ ಹಬ್ಬಕ್ಕೆ ಕೊಡಗಿನಿಂದ ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಹೋಗುವ ಪದ್ಧತಿ ಇದೆ. ಅಲ್ಲಿಯವರಿಗೆ ಅದು ವಯತ್ತೂರು. ಕನ್ನಡದ ಪುರವಣಿಗೆ ಆ ನಡಿಗೆಯ ಕಥೆ ಕೊಡಬಹುದು. ಇಂಗ್ಲಿಷಿಗೆ, ರಾಜ್ಯಗಳ ಗಡಿಗಿಂತ ಹಳೆಯದಾದ ಒಂದು ನೆಂಟಸ್ತಿಕೆಯ ಕಥೆ. ಮಲಯಾಳಂ ಓದುಗರಿಗೆ, ಬೆಟ್ಟದ ಈ ಕಡೆಯಿಂದ ಆ ದೇವರು ಹೇಗೆ ಕಾಣುತ್ತಾನೆ ಎಂಬುದು. ನೀವು ಹೇಳಿ, ಅಲ್ಲಿಯ ಪತ್ರಕರ್ತರೊಬ್ಬರು ಬರೆಯಲಿ, ಇಬ್ಬರ ಹೆಸರೂ ಬರಲಿ. ಮಡಿಕೇರಿ ಆಕಾಶವಾಣಿ ಕೊಡವ, ಅರೆಭಾಷೆ ಕಾರ್ಯಕ್ರಮಗಳನ್ನು ಪ್ರಸಾರ ಮಾಡುತ್ತದೆ, ಅಲ್ಲಿಗೆ ಒಂದು ಮಾತುಕತೆ. ಅದೇ ಲೇಖನವನ್ನು ಭಾಷೆ ಬದಲಿಸಿ ನಾಲ್ಕು ಕಡೆ ಮಾರಬೇಡಿ, ಸಂಪಾದಕರಿಗೆ ಗೊತ್ತಾದರೆ ಬಾಗಿಲು ಮುಚ್ಚುತ್ತದೆ. ಹೋಗಿ ಬಂದದ್ದು ಒಂದೇ, ಓದುಗರಿಗೆ ಹೇಳಬೇಕಾದದ್ದು ಪ್ರತಿ ಭಾಷೆಯಲ್ಲೂ ಬೇರೆ.

ಹೀಗಿದ್ದರೂ ಪ್ರವಾಸ ಬರಹವೊಂದರಿಂದಲೇ ಮನೆ ನಡೆಸುತ್ತೇನೆಂದು ಹೊರಟರೆ ಸೋಲುತ್ತೀರಿ. ನನ್ನನ್ನು ಈ ಕೆಲಸದಲ್ಲಿ ಉಳಿಸಿದ್ದು ಅದರ ಸುತ್ತಲಿನ ದುಡಿಮೆ: ಅನುವಾದ, ಸಾಕ್ಷ್ಯಚಿತ್ರಗಳ ಉಪಶೀರ್ಷಿಕೆ, ಸಂಶೋಧಕರಿಗೆ ಸಂದರ್ಶನಗಳನ್ನು ಬರಹಕ್ಕಿಳಿಸಿ ಕೊಡುವುದು, ಹೊರಗಿನ ತಂಡಗಳಿಗೆ ಸ್ಥಳೀಯ ಸಹಾಯಕರಾಗಿ ಹೋಗುವುದು. ಯಂತ್ರಾನುವಾದ ಬಂದ ಮೇಲೆ ಕನ್ನಡ–ಇಂಗ್ಲಿಷ್ ನಡುವಿನ ಸರಳ ಅನುವಾದದ ದರ ಇಳಿದಿದೆ, ಅದನ್ನು ನೆಚ್ಚಬೇಡಿ. ಹಾಡಿಯೊಂದರಲ್ಲಿ ದಾಖಲಿಸಿದ ಎರಡು ಗಂಟೆಯ ಮಾತನ್ನು ಬರಹಕ್ಕಿಳಿಸಲು ಈಗಲೂ ಮನುಷ್ಯರೇ ಬೇಕು. ಸ್ಥಳೀಯ ಸಹಾಯಕರನ್ನು ಈ ಕ್ಷೇತ್ರದಲ್ಲಿ ಫಿಕ್ಸರ್ ಅನ್ನುತ್ತಾರೆ. ದಿನಗೂಲಿ ಲೆಕ್ಕ, ಹಣ ಚೆನ್ನಾಗಿದೆ. ಅಪಾಯವೂ ಇದೆ: ಹೊರಗಿನ ತಂಡದವರು ಚಿತ್ರೀಕರಿಸಿಕೊಂಡು ಹೋಗುತ್ತಾರೆ, ಅವರು ಹೇಳಿದ್ದಕ್ಕೆ ಊರಿನವರು ಮರುದಿನ ನಿಮ್ಮನ್ನು ನಿಲ್ಲಿಸಿ ಕೇಳುತ್ತಾರೆ. ಯಾವ ವಿಷಯ, ಯಾರನ್ನು ಏನು ಕೇಳುತ್ತಾರೆ ಎಂದು ತಿಳಿಯದೆ ಒಪ್ಪಬೇಡಿ.

ನಿಮ್ಮ ಕೈಯಲ್ಲಿ ಇನ್ನೊಂದು ವಿಷಯ ಇದೆ, ಪತ್ರದಲ್ಲಿ ಅದನ್ನು ಅಡ್ಡಿ ಎಂಬಂತೆ ಬರೆದಿದ್ದೀರಿ: ಮೂರು ಎಕರೆ ಕಾಫಿ. ಕಾಫಿ ಹೂ ಅರಳಿಸುವ ಹೂಮಳೆ ಒಂದು ವಾರ ತಡವಾದರೆ ಏನಾಗುತ್ತದೆ, ಸಿಪ್ಪೆಯೊಂದಿಗೆ ಒಣಗಿಸಿದ ಚೆರಿಗೂ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಪಾರ್ಚ್‌ಮೆಂಟಿಗೂ ದರದಲ್ಲಿ ಎಷ್ಟು ಅಂತರ, ಕಣದಲ್ಲಿ ಹರಡಿದ ಕಾಫಿಗೆ ಅಕಾಲದಲ್ಲಿ ಮಳೆ ಬಿದ್ದರೆ ಮನೆಯ ಲೆಕ್ಕ ಹೇಗೆ ತಲೆಕೆಳಗಾಗುತ್ತದೆ ಎಂಬುದು ನಿಮಗೆ ಪುಸ್ತಕ ಓದಿ ತಿಳಿದದ್ದಲ್ಲ. 2024ರಲ್ಲಿ ರೊಬಸ್ಟಾ ದರ ದಾಖಲೆ ಮಟ್ಟಕ್ಕೆ ಏರಿದಾಗ ಎಲ್ಲರೂ ಬರೆದರು, ಆದರೆ ಸಣ್ಣ ಬೆಳೆಗಾರರ ಮನೆಗೆ ಅದರಲ್ಲಿ ಎಷ್ಟು ಬಂತು ಎಂದು ಒಳಗಿನಿಂದ ಬರೆದವರು ಕಡಿಮೆ. ಪ್ರವಾಸಿ ತಾಣಗಳ ಲೇಖನ ಯಾರು ಬೇಕಾದರೂ ಬರೆಯುತ್ತಾರೆ. ತೋಟ, ಆನೆ, ಕೂಲಿ, ಜಮ್ಮಾ ಭೂಮಿ (ಕೊಡಗಿನ ಪರಂಪರಾಗತ ಹಿಡುವಳಿ) ಇವನ್ನು ಬರೆಯಲು ಇಲ್ಲಿಯವರೇ ಬೇಕು.

ಈ ಕಾರಣಕ್ಕೇ ಬೆಂಗಳೂರಿಗೆ ಹೋಗಬೇಡಿ ಅನ್ನುತ್ತೇನೆ. ವರ್ಷಕ್ಕೆ ಎರಡು ಸಲ ಹೋಗಿ ಸಂಪಾದಕರನ್ನು ಮುಖತಃ ಕಂಡು ಬನ್ನಿ, ಸಾಕು. ಇಲ್ಲಿರುವುದಕ್ಕೂ ಬೆಲೆ ತೆರಬೇಕು ಎಂಬುದು ತಿಳಿದಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಇರುವುದಿಲ್ಲ. ಆ ತಿಂಗಳಿಗೆ ಗಡುವಿನ ಕೆಲಸ ಒಪ್ಪಿಕೊಂಡರೆ ಎರಡು ದಿನ ಮುಂಚೆಯೇ ಕಳಿಸುವ ಅಭ್ಯಾಸ ಬೇಕು. ಸರ್ಕಾರಿ ಬಸ್ಸುಗಳಲ್ಲಿ ಶಕ್ತಿ ಯೋಜನೆಯಿಂದ ನಿಮಗೆ ಟಿಕೆಟ್ ಖರ್ಚಿಲ್ಲ, ಆದರೆ ನಮ್ಮಲ್ಲಿ ಅನೇಕ ಒಳರಸ್ತೆಗಳಿಗೆ ಓಡುವುದು ಖಾಸಗಿ ಬಸ್ಸು. ಕೊನೆಯ ಬಸ್ಸು ತಪ್ಪಿದರೆ ಎಲ್ಲಿ ಉಳಿಯುತ್ತೀರಿ ಎಂದು ಹೊರಡುವ ಮೊದಲೇ ತೀರ್ಮಾನವಾಗಿರಲಿ. ಆನೆ ಓಡಾಡುವ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ನಸುಕಿನಲ್ಲೂ ಮುಸ್ಸಂಜೆಯಲ್ಲೂ ಸ್ಕೂಟರಿನಲ್ಲಿ ಒಬ್ಬರೇ ಹೋಗಬೇಡಿ. ಆನೆ ದಾಳಿಯ ವರದಿಗೆ ಹೋದ ನಾನೇ ಒಮ್ಮೆ ಕಾಫಿ ಗಿಡಗಳ ನಡುವೆ ಅರ್ಧ ಗಂಟೆ ಉಸಿರು ಬಿಗಿಹಿಡಿದು ಕೂತಿದ್ದೇನೆ. ಅನುಮತಿ ಇಲ್ಲದೆ ಕಾಡಿನೊಳಗೆ ಕಾಲಿಡುವುದಂತೂ ಬೇಡ. ಅದು ಅಪರಾಧ, ಪತ್ರಕರ್ತೆ ಎಂದು ವಿನಾಯಿತಿ ಸಿಗುವುದಿಲ್ಲ.

ಪ್ರೆಸ್ ಕಾರ್ಡ್ ಬಗ್ಗೆ ಇರುವಷ್ಟು ತಪ್ಪು ಕಲ್ಪನೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಸರ್ಕಾರದ ಮಾನ್ಯತೆಯನ್ನು ರಾಜ್ಯದಲ್ಲಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಕೊಡುತ್ತದೆ. ಅದಕ್ಕೆ ವರ್ಷಗಳ ಅನುಭವದ ದಾಖಲೆ ಬೇಕು, ಆರಂಭದಲ್ಲಿರುವವರಿಗೆ ಅದು ಸಿಗುವುದಿಲ್ಲ. ಹಣ ಕೊಟ್ಟರೆ ಕಾರ್ಡ್ ಮಾಡಿಕೊಡುತ್ತೇವೆ ಎನ್ನುವವರಿಂದ ದೂರ ಇರಿ. ನಿಜ ಹೇಳಬೇಕೆಂದರೆ ಬರೆಯಲು ಕಾರ್ಡ್ ಬೇಕಾಗಿಲ್ಲ. ನಿಮಗೆ ಲೇಖನ ಒಪ್ಪಿಸಿದ ಸಂಪಾದಕರ ಒಂದು ಸಾಲಿನ ಮೇಲ್ ಅನೇಕ ಕಚೇರಿಗಳಲ್ಲಿ ಸಾಕಾಗುತ್ತದೆ. ಅದಕ್ಕಿಂತ ಗಟ್ಟಿಯಾದ ಸಾಧನ 2005ರ ಮಾಹಿತಿ ಹಕ್ಕು ಕಾಯ್ದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ, ಕನ್ನಡದಲ್ಲೇ ಅರ್ಜಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಿಮ್ಮ ಪಂಚಾಯಿತಿಯಲ್ಲಿ ಎಷ್ಟು ಹೋಂಸ್ಟೇಗೆ ಅನುಮತಿ ಇದೆ, ಎಷ್ಟು ಎಕರೆಗೆ ಭೂಪರಿವರ್ತನೆ ಆಗಿದೆ ಎಂದು ಕೇಳಲು ನೀವು ಯಾರ ಕಾರ್ಡನ್ನೂ ತೋರಿಸಬೇಕಿಲ್ಲ. ಹಾಗೆ ಬಂದ ಕಾಗದ ಮಾನನಷ್ಟ ಮೊಕದ್ದಮೆಯಲ್ಲೂ ನೆರವಿಗೆ ಬರುತ್ತದೆ. ನಿಮ್ಮ ಬೆನ್ನಿಗೆ ಸಂಸ್ಥೆಯ ವಕೀಲರಿಲ್ಲ ಎಂಬುದನ್ನು ಮರೆಯದೆ, ದಾಖಲೆ ಇಲ್ಲದ ಆರೋಪವನ್ನು ಎಷ್ಟೇ ನಿಜ ಅನ್ನಿಸಿದರೂ ತಡೆಹಿಡಿಯಿರಿ.

ರೆಸಾರ್ಟಿನ ಎರಡು ರಾತ್ರಿ? ನಾನು 2009ರಲ್ಲಿ ಹಾಗೆ ಉಳಿದಿದ್ದೆ. ಮಂಜು, ಜೀರುಂಡೆ, ಬಿಸಿ ಕಾಫಿ ಎಂದೆಲ್ಲ ಚೆನ್ನಾಗಿಯೇ ಬರೆದೆ. ಮೂರು ವರ್ಷದ ಮೇಲೆ ಅದೇ ಬೆಟ್ಟದ ಕೆಳಗಿನ ಗದ್ದೆಯವರು ತೋಡು (ಹಳ್ಳ) ಬತ್ತಿದೆ ಎಂದು ಹೋರಾಟ ಮಾಡುತ್ತಿದ್ದಾಗ ವರದಿಗೆ ಹೋದೆ. ‘ನೀವು ಅವರ ಬಗ್ಗೆ ಬರೆದವರಲ್ಲವಾ’ ಎಂದು ಒಬ್ಬರು ಕೇಳಿದರು. ಉಳಿದವರು ಮಾತಾಡಲಿಲ್ಲ. ಅವರ ಭಾಷೆ ನನಗೆ ಬರುತ್ತಿತ್ತು, ಅದು ಅಂದು ಕೆಲಸಕ್ಕೆ ಬರಲಿಲ್ಲ. ಉಚಿತ ವಾಸ್ತವ್ಯ ಕಾನೂನುಬಾಹಿರವೇನಲ್ಲ. ಸಾಮಾಜಿಕ ಜಾಲತಾಣದಲ್ಲಿ ಹಾಕುವುದಾದರೆ ಅದನ್ನು ಬಹಿರಂಗವಾಗಿ ಹೇಳಬೇಕೆಂದು 2023ರ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ ಮಾರ್ಗಸೂಚಿ ಇದೆ. ಪತ್ರಿಕೆಗೆ ಬರೆಯುವಾಗಲೂ ಸಂಪಾದಕರಿಗೆ ಮತ್ತು ಓದುಗರಿಗೆ ಹೇಳಿ. ಪ್ರಕಟಣೆಗೆ ಮೊದಲು ಅವರಿಗೆ ತೋರಿಸಬೇಕು ಎಂದರೆ ಬೇಡ ಅನ್ನಿ. ಹಣವೇ ಬೇಕಿದ್ದರೆ ಅವರ ಪ್ರಚಾರದ ಕಿರುಹೊತ್ತಿಗೆಯನ್ನು ದರ ಹೇಳಿ ಬರೆದುಕೊಡಿ. ಅದು ಜಾಹೀರಾತು, ನಿಮ್ಮ ಹೆಸರಿನ ಲೇಖನ ಅಲ್ಲ. ಆದರೆ ಆಮೇಲೆ ಆ ರೆಸಾರ್ಟಿನ ಬಗ್ಗೆ ಸುದ್ದಿ ಬರೆಯುವಂತಿಲ್ಲ. ನಾಪೋಕ್ಲು ಸುತ್ತಮುತ್ತ ಇನ್ನು ಹತ್ತು ವರ್ಷ ನೀವು ಬರೆಯಬೇಕಾದ ದೊಡ್ಡ ವಿಷಯವೇ ನೀರು ಮತ್ತು ಬೆಟ್ಟ ಆಗಬಹುದು. ನಾನಾಗಿದ್ದರೆ ಒಪ್ಪುತ್ತಿರಲಿಲ್ಲ.

ಈಗ ಕೆಲಸ ಬಿಡುವ ಮಾತು. ಈ ತಿಂಗಳು ಬಿಡಬೇಡಿ. ನಾನು ಕೈಯಲ್ಲಿ ಏನೂ ಇಲ್ಲದೆ ಬಿಟ್ಟೆ. ಮೊದಲ ವರ್ಷದ ಸರಾಸರಿ ತಿಂಗಳಿಗೆ 7 ಸಾವಿರ ದಾಟಲಿಲ್ಲ, ಅಕ್ಕನ ಮನೆಯಲ್ಲಿದ್ದೆ. ಆ ವರ್ಷ ಹಣದ ಒತ್ತಡಕ್ಕೆ ಒಪ್ಪಿಕೊಂಡ ಬರಹಗಳನ್ನು ಈಗ ಓದಲು ಸಂಕಟವಾಗುತ್ತದೆ. ನೀವು ಒಂದು ಮಳೆಗಾಲ, ಒಂದು ಕೊಯ್ಲು ಮುಗಿಯುವವರೆಗೆ ಸಂಬಳದ ಜೊತೆಯಲ್ಲೇ ಬರೆಯಿರಿ. ತಿಂಗಳಿಗೆ ಎರಡು ಲೇಖನ, ಎರಡಕ್ಕೂ ಹಣ ಕೊಡುವ ಕಡೆಗೇ. ನಿಯಮಿತವಾಗಿ ಹಣ ಕೊಡುವ ಮೂರು ಕಡೆ ಗಟ್ಟಿಯಾಗಿ, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿದ್ದ ಮೇಲೆ ರಾಜೀನಾಮೆ ಯೋಚಿಸಿ. ಅರ್ಧ ದಿನದ ಕೆಲಸಕ್ಕೆ ಬದಲಾಯಿಸಿಕೊಳ್ಳಲು ಸಾಧ್ಯವಾದರೆ ಅದು ಇನ್ನೂ ಒಳ್ಳೆಯದು. ಆರೋಗ್ಯ ವಿಮೆ ಮಾಡಿಸದೆ ಮಾತ್ರ ಸಂಬಳ ಬಿಡಬೇಡಿ. ಅಪ್ಪನಿಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲಿನಲ್ಲಿ ಜೊತೆ ನಿಲ್ಲುತ್ತೇನೆ ಎಂದು ಮಾತು ಕೊಡಿ, ಅದನ್ನು ನಡೆಸಿ. ಅವರು ಕೇಳುತ್ತಿರುವುದು ಅನ್ಯಾಯದ್ದಲ್ಲ. ಬೆಳೆಗಾರರಿಗೆ ವರ್ಷಕ್ಕೊಮ್ಮೆ ಮಾತ್ರ ಹಣ ನೋಡುವ ಕಷ್ಟ ಗೊತ್ತು, ಮಗಳಿಗೆ ಅದು ಬೇಡ ಅನ್ನಿಸಿದೆ.

ಕ್ಯಾಮೆರಾ ಈಗ ಬೇಡ, ಫೋನ್ ಸಾಕು. ಆ ಹಣದಲ್ಲಿ ಒಂದು ಧ್ವನಿಮುದ್ರಕ, ದೊಡ್ಡ ಪವರ್ ಬ್ಯಾಂಕ್, ಮಳೆಗೆ ನೆನೆಯದ ಚೀಲ ಕೊಳ್ಳಿ. ಧ್ವನಿಮುದ್ರಕ ಬಂದ ದಿನ, ನಿಮ್ಮ ಅಜ್ಜಿ ಇನ್ನೂ ಇದ್ದರೆ, ಆಟಿಯ ಅಡುಗೆಯ ಕಥೆಯನ್ನು ಅವರ ಬಾಯಲ್ಲೇ ಅರೆಭಾಷೆಯಲ್ಲಿ ಇನ್ನೊಮ್ಮೆ ಹೇಳಿಸಿ ಮುದ್ರಿಸಿಟ್ಟುಕೊಳ್ಳಿ.